ಒಂದೇ ಗುಂಬಜು, ಹತ್ತು ಕ್ಯಾಮೆರಾ

"ಇಲ್ಲೇನದರೀ ಫೋಟೊ ತೆಗೀಲಾಕ? ಅದೂ ಈ ಬಿಸಿಲಾಗ!"

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಕ್ಯಾಮೆರಾ ಕ್ಲಬ್ ಇದೆ ಅಂದಾಗಲೆಲ್ಲ ಈ ಮಾತು ಬರುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಊರೊಳಗೇ ಕೋಟೆ ಇದೆ, ಹಫ್ತ್ ಗುಂಬಜ್ ಇದೆ, ಅಪ್ಪನ ಕೆರೆ ಇದೆ. ಮಳಖೇಡ, ಸನ್ನತಿ, ಸುರಪುರ, ಬೀದರ್ ಎಲ್ಲ ಒಂದೇ ದಿನದಲ್ಲಿ ಹೋಗಿ ಬರಬಹುದಾದ ದೂರ. ಬಿಸಿಲಿನದು ಮಾತ್ರ ನಿಜವಾದ ಪ್ರಶ್ನೆ. ನಾವು ಕಲಿತದ್ದೆಲ್ಲ ಹೆಚ್ಚುಕಡಿಮೆ ಅದರ ಸುತ್ತಲೇ.

ಕ್ಲಬ್ ಅಂದರೆ ದೊಡ್ಡದೇನಲ್ಲ. ನಾನು ಬ್ಯಾಂಕಿನವನು. ಜೊತೆಗೆ ಇಬ್ಬರು ಮೇಷ್ಟ್ರು, ಮೆಡಿಕಲ್ ಅಂಗಡಿಯವರೊಬ್ಬರು, ಒಂದಿಷ್ಟು ಕಾಲೇಜು ಹುಡುಗ ಹುಡುಗಿಯರು, ರೀಲಿನ ಕಾಲದಲ್ಲಿ ಸ್ಟುಡಿಯೊ ನಡೆಸಿದ ಒಬ್ಬ ಚಾಚಾ. ಅರ್ಧ ಜನರ ಹತ್ತಿರ ಇರುವುದು ಮೊಬೈಲ್ ಮಾತ್ರ. ಅದು ಅಡ್ಡಿಯಲ್ಲ.

ಹೊರಗೆ ಹೋಗುವ ಭಾನುವಾರಕ್ಕೆ ನಮ್ಮ ನಿಯಮ ಎರಡೇ. ಒಂದು ದಿನಕ್ಕೆ ಒಂದೇ ಜಾಗ. ಒಬ್ಬರಿಗೆ ಒಂದೇ ಲೆನ್ಸ್. ಝೂಮ್ ಇದ್ದವರು ಹೊರಡುವಾಗಲೇ ಒಂದು ಅಳತೆಗೆ ತಿರುಗಿಸಿ ಅಲ್ಲಿಗೇ ಸಣ್ಣ ಟೇಪು ಅಂಟಿಸುತ್ತಾರೆ. ಹೊಸಬರಿಗೆ ಇದು ಶಿಕ್ಷೆ ಅನ್ನಿಸುತ್ತದೆ. ಅಷ್ಟು ದೂರ ಬೀದರಿಗೆ ಹೋಗಿ ಕೋಟೆ, ಮದರಸಾ, ಝರಣಿ ನರಸಿಂಹನ ಗುಡಿ ಎಲ್ಲ ಮುಗಿಸಿಕೊಂಡು ಬರಬಾರದಾ ಅಂತ ಕೇಳುತ್ತಾರೆ. ಬರಬಹುದು. ಆದರೆ ಅದು ಪ್ರವಾಸವಾಗುತ್ತದೆ. ಪ್ರವಾಸಕ್ಕೆ ಕ್ಲಬ್ ಯಾಕೆ ಬೇಕು? ಹತ್ತು ಜನ ಒಂದೇ ಹೊತ್ತಿನಲ್ಲಿ ಒಂದೇ ಗೋಡೆಯ ಮುಂದೆ ನಿಂತರೆ ಮಾತ್ರ ಪಕ್ಕದವರಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ ಅನ್ನುವುದು ಗೊತ್ತಾಗುತ್ತದೆ.

ಹಫ್ತ್ ಗುಂಬಜಿನ ಒಂದು ಬೆಳಿಗ್ಗೆ ಹೇಳುತ್ತೇನೆ. 1422ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಫಿರೋಜ್ ಶಾಹನ ಗೋರಿ ಅಲ್ಲಿ ಎಲ್ಲಕ್ಕಿಂತ ದೊಡ್ಡದು. ಎರಡು ಗುಂಬಜಿನ ಆ ಕಟ್ಟಡದ ಹಿಂದೆ ಸೂರ್ಯ ಏಳುವುದನ್ನು ನಾವೆಲ್ಲ ಒಬ್ಬರ ಹೆಗಲು ಇನ್ನೊಬ್ಬರಿಗೆ ತಾಗುವಂತೆ ನಿಂತು ತೆಗೆದೆವು. ಆಮೇಲೆ ಉಪ್ಪಿಟ್ಟು ತಿಂದು ಹೊರಡುವ ತಯಾರಿ. ಪಿಯುಸಿ ಓದುವ ಹುಡುಗಿಯೊಬ್ಬಳು ಮಾತ್ರ ಮೊಬೈಲ್ ಹಿಡಿದು ಇನ್ನೊಂದು ಗೋಡೆಯ ಹತ್ತಿರ ಕೂತಿದ್ದಳು. ಬಿಸಿಲು ಏರಿ ಗೋಡೆಯ ಬುಡದಲ್ಲಿ ನೆರಳು ಒಂದು ಪಟ್ಟಿಯಷ್ಟೇ ಉಳಿದಿತ್ತು. ಆ ಪಟ್ಟಿ ಎಷ್ಟು ಅಗಲವೋ ಅಷ್ಟೇ ಅಗಲಕ್ಕೆ ಆಡುಗಳು ಸಾಲಾಗಿ ಮಲಗಿದ್ದವು. ಒಂದು ಆಡಿನ ಕಿವಿ ಮಾತ್ರ ಬಿಸಿಲಿಗೆ ಚಾಚಿತ್ತು. ಅಷ್ಟೇ ಫೋಟೊ. ಗುಂಬಜು ಅದರಲ್ಲಿ ಇಲ್ಲವೇ ಇಲ್ಲ.

ಆ ತಿಂಗಳ ಕೂಟದಲ್ಲಿ ಅದು ಗೋಡೆಗೆ ಬಂದಾಗ ಯಾರೂ ಮಾತಾಡಲಿಲ್ಲ. ಕೊನೆಗೆ ಚಾಚಾ, "ಇದು ಕಲಬುರಗಿ ನೋಡ್ರಿ" ಅಂದರು. ನಮ್ಮ ಗುಂಬಜಿನ ಫೋಟೊಗಳು ಯಾವ ಊರಿನವೂ ಆಗಬಹುದಿತ್ತು.

ಆ ಕೂಟವೇ ನಮ್ಮ ಕ್ಲಬ್ಬಿನ ಜೀವ. ಮೇಷ್ಟ್ರ ಮನೆಯ ಮಾಳಿಗೆಯ ಮೇಲೆ, ಸಂಜೆ, ಪ್ರೊಜೆಕ್ಟರ್ ಹಚ್ಚಿ ಸುಣ್ಣದ ಗೋಡೆಗೆ ಬಿಡುತ್ತೇವೆ. ಒಬ್ಬರಿಗೆ ಐದು ಫೋಟೊ, ಹೆಸರಿಲ್ಲದೆ. ತೆಗೆದವರು ಬಾಯಿ ಬಿಡುವಂತಿಲ್ಲ. "ಅವತ್ತು ಮೋಡ ಇತ್ತು", "ಅಲ್ಲಿ ನಿಲ್ಲೋಕೆ ಜಾಗ ಇರಲಿಲ್ಲ" ಅನ್ನುವುದೆಲ್ಲ ನೋಡುವವರಿಗೆ ಬೇಕಾಗಿಲ್ಲ. "ಸೂಪರ್" ಅನ್ನುವ ಮಾತನ್ನೂ ನಿಲ್ಲಿಸಿದ್ದೇವೆ. ಮೊದಲು ಕಣ್ಣು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು, ಇಷ್ಟನ್ನೇ ಹೇಳಬೇಕು. ಮೂಲೆಯಲ್ಲಿ ಬಿಳಿ ಪ್ಲಾಸ್ಟಿಕ್ ಚೀಲ ಬಿದ್ದಿದ್ದರೆ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ತೆಗೆದವರಿಗೆ ಮಾತ್ರ ಅದು ಕಂಡಿರುವುದಿಲ್ಲ.

ಇನ್ನು ಬೆಳಕಿನ ಲೆಕ್ಕ. ಕ್ಯಾಮೆರಾ ತನ್ನ ಮುಂದಿರುವುದೆಲ್ಲ ನಡುತರದ ಬೂದು ಬಣ್ಣ ಅಂದುಕೊಂಡು ಬೆಳಕು ಅಳೆಯುತ್ತದೆ. ನಮ್ಮ ಕಡೆ ಹಾಗಿಲ್ಲವಲ್ಲ. ಎರೆ ಹೊಲ ಕಪ್ಪು. ಹೊಲದಲ್ಲಿ ನಿಂತವರ ಧೋತರ ಅಚ್ಚ ಬಿಳಿ. ಹೊಲವೇ ಜಾಸ್ತಿ ತುಂಬಿದರೆ ಕ್ಯಾಮೆರಾ ಬೆಳಕು ಏರಿಸುತ್ತದೆ. ಮಣ್ಣು ಬೂದಿಯಾಗುತ್ತದೆ, ಧೋತರ ಸುಟ್ಟು ಬರೀ ಬಿಳಿ ಕಾಗದವಾಗುತ್ತದೆ. ಆಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧ ಆಗುವಷ್ಟು, ಇಳಿಸುತ್ತೇನೆ. ಸುಣ್ಣ ಬಳಿದ ಗೋಡೆಯೇ ತುಂಬಿದ್ದರೆ ಉಲ್ಟಾ, ಒಂದು ಸ್ಟಾಪ್ ಏರಿಸುತ್ತೇನೆ. ಮೊಬೈಲಿನಲ್ಲಿ ಧೋತರದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಅದೇ ಕೆಲಸ ಆಗುತ್ತದೆ. ಕಪ್ಪಾದದ್ದನ್ನು ಆಮೇಲೆ ಸ್ವಲ್ಪ ಎತ್ತಬಹುದು. ಸುಟ್ಟುಹೋದ ಬಿಳಿಯಲ್ಲಿ ಎತ್ತಲು ಏನೂ ಇರುವುದಿಲ್ಲ.

ಅಳೆಯಲು ಬೂದು ಕಾರ್ಡ್ ಅಂತ ಪೇಟೆಯಲ್ಲಿ ಸಿಗುತ್ತದೆ. ನಾವು ತಂದಿಲ್ಲ. ನಮ್ಮ ಕಡೆ ಎಲ್ಲಿ ಹೋದರೂ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ನಮ್ಮ ಮಾತಿನಲ್ಲಿ ಫರ್ಸಿ, ಇದ್ದೇ ಇರುತ್ತದೆ. ಒಣಗಿದ, ಬಣ್ಣ ಬಳಿಯದ ಫರ್ಸಿ ಹೆಚ್ಚುಕಡಿಮೆ ಅದೇ ಬೂದು. ಅದರ ಮೇಲೆ ಅಳೆದು, ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಮುಖದ ಕಡೆ ತಿರುಗಿ. ಮುಖಕ್ಕೆ ಬೀಳುವ ಬೆಳಕೇ ಫರ್ಸಿಗೂ ಬೀಳುತ್ತಿರಬೇಕು, ಅಷ್ಟು ನೋಡಿಕೊಂಡರೆ ಸಾಕು. ಫರ್ಸಿ ಇಲ್ಲದ ಹೊಲದಲ್ಲಿ ಚಾಚಾ ಹೇಳಿಕೊಟ್ಟ ರೀಲಿನ ಕಾಲದ ಲೆಕ್ಕ ಇದೆ: ನಿಚ್ಚಳ ಬಿಸಿಲಿನಲ್ಲಿ ಲೆನ್ಸಿನ ಬಾಯಿ ಎಫ್ 16ಕ್ಕೆ ಇಟ್ಟು, ಬೆಳಕಿಗೆ ಕ್ಯಾಮೆರಾದ ಚುರುಕು ತೋರಿಸುವ ಐಎಸ್‌ಒ ಎಷ್ಟೋ, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ ಅಷ್ಟರಲ್ಲಿ ಒಂದು ಭಾಗ. ಐಎಸ್‌ಒ 100 ಆದರೆ ಸೆಕೆಂಡಿನ ನೂರನೇ ಒಂದು ಭಾಗ, ಹತ್ತಿರದ 1/125 ಆದರೂ ನಡೆಯುತ್ತದೆ. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣುವುದೇ ಇಲ್ಲ. ಅದಕ್ಕೇ ಎಲ್ಲರ ಹೆಗಲ ಮೇಲೂ ಟವೆಲ್. ತಲೆ ಮೇಲೆ ಹೊದ್ದು, ಅದರೊಳಗೆ ಹಿಸ್ಟೊಗ್ರಾಂ, ಅಂದರೆ ಚಿತ್ರದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಅಂತ ತೋರಿಸುವ ನಕ್ಷೆ, ನೋಡುತ್ತೇವೆ. ದಾರಿಹೋಕರು ನಗುತ್ತಾರೆ, ನಗಲಿ.

ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಬಿಟ್ಟರೆ ಕ್ಯಾಮೆರಾ ಮುಟ್ಟಲೇಬೇಡಿ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಲೆಕ್ಕ ಹಿಡಿದರೆ ನಮ್ಮ ಜಿಲ್ಲೆಯ ದಿನದಲ್ಲಿ ಮುಕ್ಕಾಲು ಭಾಗ ಕಸದ ಬುಟ್ಟಿಗೆ. ಮೇ ಎರಡನೇ ವಾರದ ಸುಮಾರಿಗೆ ಕಲಬುರಗಿಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮುಖದ ಫೋಟೊಗೆ ಅದು ಕೆಟ್ಟ ಬೆಳಕೇ, ಕಣ್ಣಿನ ಗುಳಿ ಕಪ್ಪಾಗುತ್ತದೆ. ಆದರೆ ನೆಟ್ಟಗೆ ನಿಂತ ಗೋಡೆಗೆ ಆ ಬೆಳಕು ಮೇಲಿನಿಂದ ಸವರಿಕೊಂಡು ಇಳಿಯುತ್ತದೆ. ಬೆಳಿಗ್ಗೆ ಸಪಾಟಾಗಿ ಕಂಡ ಗಚ್ಚಿನ ಕೆತ್ತನೆ ಆಗ ಒಂದೊಂದು ಎಲೆಯೂ ಎದ್ದು ಕಾಣುತ್ತದೆ. ಕೋಟೆಯೊಳಗಿನ 1367ರ ಜಾಮಿ ಮಸೀದಿಗೂ ಏರುಬಿಸಿಲಿನ ಹೊತ್ತೇ ಒಳ್ಳೆಯದು. ಅದಕ್ಕೆ ಬಯಲಂಗಳ ಇಲ್ಲ, ಪೂರ್ತಿ ಮುಚ್ಚಿದ ಕಟ್ಟಡ. ಹೊರಗಿನ ನೆಲಕ್ಕೆ ಬಡಿದ ಬಿಸಿಲು ಪಕ್ಕದ ಅಗಲ ಕಮಾನುಗಳಿಂದ ಒಳಗೆ ಚಿಮ್ಮಿ, ಬಿಳಿ ಕಂಬಗಳ ಮೇಲೆ ಮೆತ್ತಗೆ ಹರಡುತ್ತದೆ. ಹೊರಗೆ ನಿಂತರೆ ತಲೆ ಸುಡುತ್ತದೆ. ಒಳಗೆ ತಂಪೂ ಇದೆ, ಬೆಳಕೂ ಇದೆ. ನಮಾಜಿನ ಹೊತ್ತು ಬಿಟ್ಟು ಹೋಗಬೇಕು, ಅಷ್ಟೇ.

ಬೀದರಿಗೆ ಹೋಗುವುದಾದರೆ ಬೆಳಗಿನ ನಾಲ್ಕಕ್ಕೆ ಹೊರಡುತ್ತೇವೆ. 1472ರ ಮಹಮೂದ್ ಗವಾನ್ ಮದರಸಾದ ಮುಂಭಾಗ ಪೂರ್ವಕ್ಕಿದೆ. ಉಳಿದ ಒಂದೇ ಮಿನಾರಿನ ಮೇಲಿನ ಬಣ್ಣದ ಹೆಂಚಿಗೆ ಎಳೆಬಿಸಿಲು ನೇರವಾಗಿ ಬೀಳುತ್ತದೆ. ಹೆಂಚು ಮಿರಮಿರ ಅಂದು ಬಣ್ಣ ತೊಳೆದಂತೆ ಕಂಡರೆ ಲೆನ್ಸಿನ ಮುಂದೆ ಹಾಕುವ ಪೊಲರೈಸರ್ ಗಾಜನ್ನು ತಿರುಗಿಸಿ. ಹೊಳಪು ಇಳಿದು ನೀಲಿ, ಹಸಿರು ಗಾಢವಾಗುತ್ತವೆ. ಇದೇ ಉಪಾಯ ಬಿದ್ರಿ ಸಾಮಾನಿನ ಬೆಳ್ಳಿ ಎಳೆಗಳಿಗೆ ನಡೆಯುವುದಿಲ್ಲ. ಲೋಹದ ಹೊಳಪು ಪೊಲರೈಸರಿಗೆ ಬಗ್ಗುವುದಿಲ್ಲ. ಅದನ್ನು ಕಿಟಕಿ ಪಕ್ಕ ಇಟ್ಟು ಬಿಳಿ ಬಟ್ಟೆ ಅಡ್ಡ ಹಿಡಿಯಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ನಡೆದದ್ದು ಬೀದರ್ ಪಕ್ಕದ ಅಷ್ಟೂರಿನಲ್ಲಿ. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲಾಗಿವೆ. ಅಹಮದ್ ಶಾಹ ವಲಿಯ ಗೋರಿಯ ಒಳಗೋಡೆ, ಗುಂಬಜಿನ ಒಳಮೈ ತುಂಬ ಬಣ್ಣದ ಚಿತ್ತಾರ, ಬರಹ. ಆದರೆ ಒಳಗೆ ಕತ್ತಲು. ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಫ್ಲ್ಯಾಷ್ ನಾವೇ ಹಚ್ಚುವುದಿಲ್ಲ. ಹಚ್ಚಿದರೆ ಚಿತ್ರ ಸಪ್ಪೆಯಾಗುತ್ತದೆ. ನೋಡಲು ಬಂದವರಿಗೆ ಅಲ್ಲಿನ ಕಾವಲುಗಾರರು ಬಾಗಿಲ ಹೊರಗೆ ಕನ್ನಡಿ ಹಿಡಿದು, ಬಿಸಿಲನ್ನು ಒಳಗೆ ಬಿಟ್ಟು ಚಿತ್ತಾರ ತೋರಿಸುತ್ತಾರೆ. ಕಣ್ಣಿಗೆ ಅದು ಚಂದ. ಕ್ಯಾಮೆರಾಕ್ಕೆ ಕಷ್ಟ. ತಟ್ಟೆಯಗಲ ಬೆಳಕು, ಸುತ್ತ ಕಗ್ಗತ್ತಲು.

"ಬೆಳಕು ಎಲ್ಲಿ ಬಿಡ್ಲಿ, ಹೇಳ್ರಿ" ಅಂದರು ಕಾವಲುಗಾರರು.

ನಮ್ಮ ಮೇಷ್ಟ್ರ ಹತ್ತಿರ ಒಗೆದ ಧೋತರ ಇತ್ತು. ಕಾವಲುಗಾರರನ್ನು ಕೇಳಿ, ಬಾಗಿಲ ಒಳಗೆ ಗೋರಿಯಿಂದ ದೂರ ಅದನ್ನು ನೆಲಕ್ಕೆ ಹಾಸಿದೆವು. "ಗುಂಬಜಿಗೆ ಬ್ಯಾಡ್ರಿ, ಈ ಅರಿವಿ ಮ್ಯಾಲ ಬಿಡ್ರಿ" ಅಂದೆ. ಧೋತರಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಹರಡಿತು. ಮಂದ ಬೆಳಕು, ಆದರೆ ಎಲ್ಲ ಕಡೆ ಒಂದೇ ಸಮ. ಕ್ಯಾಮೆರಾವನ್ನು ಮೂಲೆಯಲ್ಲಿ ಮಡಚಿದ ಟವೆಲಿನ ಮೇಲೆ ಅಂಗಾತ ಮಲಗಿಸಿ, ಐಎಸ್‌ಒ 200, ಎಫ್ 8, ಎರಡು ಸೆಕೆಂಡ್ ಇಟ್ಟೆ. ಬೆರಳು ತಾಗಿ ಅಲುಗದಂತೆ ಸೆಲ್ಫ್ ಟೈಮರ್. ಪರದೆಯಲ್ಲಿ ಕೆಂಪು, ಬಂಗಾರದ ಬಣ್ಣ ಮೂಡಿದಾಗ ಕಾವಲುಗಾರರೂ ಬಗ್ಗಿ ನೋಡಿದರು. ನೆಲದ ಮೇಲೆ ಮಲಗಿಸುವ ಈ ಉಪಾಯ ಯಾವ ಗುಂಬಜಿಗೂ ನಡೆಯುತ್ತದೆ.

ಹೊರಗೆ ಬಂದರೆ ಬಹಮನಿ ಸುಲ್ತಾನ ಹುಮಾಯೂನನ ಗೋರಿ, ಸಿಡಿಲು ಬಡಿದು ಸೀಳಿದ್ದು. ಗುಂಬಜಿನ ದಪ್ಪ ಎಷ್ಟು ಅಂತ ಅಲ್ಲಿ ಕೊಯ್ದಿಟ್ಟ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ತೆಗೆಯಿರಿ, ಇಲ್ಲದಿದ್ದರೆ ಅಳತೆ ತಿಳಿಯುವುದಿಲ್ಲ.

ಪ್ರಾಣಿಗಳ ವಿಷಯ ಚುಟುಕಾಗಿ. ಬೀದರ್ ಸುತ್ತಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಇವೆ. ಅವುಗಳನ್ನು ಗಾಡಿಯಲ್ಲಿ ಬೆನ್ನಟ್ಟುವವರನ್ನು ಕ್ಲಬ್ಬಿಗೆ ಸೇರಿಸುವುದಿಲ್ಲ. ಗಾಡಿ ನಿಲ್ಲಿಸಿ, ಒಳಗೇ ಸುಮ್ನೆ ಕೂತರೆ ಅವೇ ಮೇಯುತ್ತ ಹತ್ತಿರ ಬರುತ್ತವೆ. ಬಿಸಿಲೇರಿದ ಮೇಲೆ ಉದ್ದದ ಲೆನ್ಸಿನಲ್ಲಿ ತೆಗೆದದ್ದು ಮಸುಕಾಗಿದ್ದರೆ ಲೆನ್ಸನ್ನು ಬೈಯಬೇಡಿ. ಕಾದ ನೆಲದ ಮೇಲೆ ಗಾಳಿ ಕುದಿಯುತ್ತಿರುತ್ತದೆ. ಎಷ್ಟು ದುಡ್ಡಿನ ಲೆನ್ಸಾದರೂ ಅದರಾಚೆಗಿನದನ್ನು ನಿಚ್ಚಳವಾಗಿ ಹಿಡಿಯಲಾರದು. ಬೇಗ ಹೋಗುವುದೊಂದೇ ದಾರಿ.

ಡ್ರೋನ್ ಇರುವ ಹುಡುಗರಿಗೆ ಒಂದು ಮಾತು. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡದ್ದೂ ಅದೇ ನೆಲೆ. ಅಲ್ಲಿ ಡ್ರೋನ್ ಹೊರಗೆ ತೆಗೆಯಲೇಬೇಡಿ.

ಧೂಳು ನಮ್ಮ ದೊಡ್ಡ ಖರ್ಚು. ಬೀದರಿನಲ್ಲಿ ಕೆಂಪು, ಕಲಬುರಗಿಯಲ್ಲಿ ಕಪ್ಪು. ಒಂದೇ ಲೆನ್ಸಿನ ನಿಯಮ ಇಲ್ಲೂ ಕೆಲಸಕ್ಕೆ ಬರುತ್ತದೆ, ಹೊಲದಲ್ಲಿ ಲೆನ್ಸ್ ಬಿಚ್ಚುವ ಪ್ರಮೇಯವೇ ಇಲ್ಲ. ಬಾಯಿಂದ ಉಫ್ ಅನ್ನಬೇಡಿ, ಉಗುಳು ಹಾರುತ್ತದೆ. ರಬ್ಬರ್ ಬ್ಲೋವರ್ ಸಾಕು. ಬೇಸಿಗೆಯಲ್ಲಿ ಕ್ಯಾಮೆರಾವನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ.

ಜನರ ಫೋಟೊಗೆ ವರ್ಷದಲ್ಲಿ ಒಳ್ಳೆಯ ದಿನ ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಕೂಗುತ್ತ ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅನ್ನ, ಚೆಲ್ಲುತ್ತಾರೆ. ಕೈಯಿಂದ ಹಾರಿದ ಅನ್ನ ಗಾಳಿಯಲ್ಲೇ ನಿಂತಂತೆ ಬರಬೇಕಾದರೆ ಶಟರ್ 1/1000 ಇರಲಿ. ಚೆಲ್ಲುವವರ ಎದುರಿಗೆ, ಸೂರ್ಯನ ಕಡೆ ಮುಖ ಮಾಡಿ ನಿಂತರೆ ಒಂದೊಂದು ಅಗುಳಿಗೂ ಅಂಚು ಹೊಳೆಯುತ್ತದೆ. ಆದರೆ ಹೋದ ತಕ್ಷಣ ಕ್ಯಾಮೆರಾ ಎತ್ತಬೇಡಿ. "ಬರ್ರಿ, ಮೊದಲ ಉಣ್ರಿ" ಅನ್ನುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ ಉಂಡೇ ಏಳಬೇಕು. ಉಂಡೆದ್ದವರ ಮುಂದೆ ಯಾರೂ ಬಿಗಿಯಾಗಿ ನಿಲ್ಲುವುದಿಲ್ಲ. "ಯವ್ವಾ, ಒಂದು ಫೋಟೊ ತೆಗೀಲೇನು?" ಅಂದರೆ "ಈ ಸೀರ್ಯಾಗ ಬ್ಯಾಡಪ್ಪ" ಅನ್ನುವ ಅಜ್ಜಿಯರಿದ್ದಾರೆ. ಬೇಡ ಅಂದರೆ ಬೇಡ, ಒತ್ತಾಯ ಮಾಡುವುದಿಲ್ಲ.

ಕಳಿಸುತ್ತೇವೆ ಅಂತ ಹೇಳಿ ಬಂದ ಫೋಟೊ ಕಳಿಸಲೇಬೇಕು ಅನ್ನುವುದು ಆಮೇಲೆ ಸೇರಿಸಿದ ನಿಯಮ. ತೆಗೆದವರೇ ಆ ಮನೆಯ ಒಬ್ಬರ ನಂಬರ್ ಬರೆದುಕೊಂಡು ಬರುತ್ತಾರೆ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಅಜ್ಜ ಅಜ್ಜಿಯರಿದ್ದ ಮನೆಗೆ ಪ್ರಿಂಟೇ ಹೋಗುತ್ತದೆ, ಲ್ಯಾಮಿನೇಷನ್ ಮಾಡಿಸಿ. ಆ ಖರ್ಚು ಕ್ಲಬ್ಬಿನ ವಂತಿಗೆಯಿಂದ. ಮೆಡಿಕಲ್ ಅಂಗಡಿಯವರು ಲೆಕ್ಕ ಇಡುತ್ತಾರೆ.