ಅಮ್ಮ, ಮಕ್ಕಳ ಜೊತೆ ಕ್ವಿಬೆಕ್‌ನ ಚಳಿಗಾಲದ ಕಾರ್ನಿವಲ್‌ಗೆ

ವಯಸ್ಸಾದ ಅಮ್ಮ, ಇಬ್ಬರು ಮಕ್ಕಳು, ನಾವಿಬ್ಬರು. ಇಷ್ಟು ಜನ ಕೆನಡಾದ ಕ್ವಿಬೆಕ್ ಸಿಟಿಯ ಕಾರ್ನಿವಲ್‌ಗೆ ಹೊರಟಾಗ ನಾನು ಮೊದಲು ಗುರುತು ಹಾಕಿಕೊಂಡಿದ್ದು ಬೆಚ್ಚಗೆ ಕೂರುವ ಜಾಗಗಳನ್ನು. ನೋಡುವ ಜಾಗಗಳ ಪಟ್ಟಿ ಆಮೇಲೆ. ಫೆಬ್ರವರಿಯಲ್ಲಿ ಅಲ್ಲಿ ಮೈನಸ್ 20 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ನದಿ ಕಡೆಯಿಂದ ಗಾಳಿ ಬೀಸಿದರಂತೂ ಇನ್ನೂ ಕಷ್ಟ.

ನಾವು ಟೊರಾಂಟೊದಿಂದ ರೈಲಿನಲ್ಲಿ ಹೋದೆವು, ಮಾಂಟ್ರಿಯಲ್‌ನಲ್ಲಿ ಬದಲಾಯಿಸಿಕೊಂಡು. ಹಿಮದ ರಸ್ತೆಯಲ್ಲಿ ಕಾರು ಓಡಿಸುವ ತಲೆನೋವಿಲ್ಲ. ಕ್ವಿಬೆಕ್‌ನ ರೈಲು ನಿಲ್ದಾಣವೇ ಹಳೇ ಊರಿನ ಪಕ್ಕದಲ್ಲಿದೆ. ರೂಮು ಮಾತ್ರ ತಿಂಗಳುಗಳ ಮುಂಚೆ ಹಿಡಿಯಬೇಕು. ನಾವು ಕೋಟೆ ಗೋಡೆಗೆ ನಡೆದು ಹೋಗುವಷ್ಟು ಹತ್ತಿರ ತೆಗೆದುಕೊಂಡೆವು. ದುಡ್ಡು ಸ್ವಲ್ಪ ಜಾಸ್ತಿ ಆಯ್ತು, ಆದರೆ ಮಧ್ಯಾಹ್ನ ವಾಪಸ್ ಬಂದು ಒಂದು ನಿದ್ದೆ ತೆಗೆಯುವ ಅನುಕೂಲಕ್ಕೆ ಅಷ್ಟು ಕೊಡಬಹುದು.

ಬಟ್ಟೆ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೈಗೆ ಅಂಟಿಕೊಂಡು ಥರ್ಮಲ್, ಅದರ ಮೇಲೆ ಉಣ್ಣೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಕೋಟು. ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ. ಮಕ್ಕಳು ಓಡಾಡಿ ಬೆವರುತ್ತಾರೆ, ಹತ್ತಿ ಆ ತೇವ ಹಿಡಿದುಕೊಳ್ಳುತ್ತದೆ, ನಿಂತ ತಕ್ಷಣ ಮೈ ಕೊರೆಯುತ್ತದೆ. ಐದು ಬೆರಳಿನ ಗ್ಲೌಸಿಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಅಮ್ಮ ಸೀರೆ ಬಿಟ್ಟು ಸ್ನೋ ಪ್ಯಾಂಟ್ ಹಾಕೋಕೆ ಮೊದಲು ಒಪ್ಪಲಿಲ್ಲ. ಬಾಗಿಲ ತನಕ ಹೋಗಿ ಗಾಳಿ ನೋಡಿ ಬಂದವರು, "ಕೊಡೇ ಇಲ್ಲಿ, ಹಾಕ್ಕೋತೀನಿ" ಅಂದರು. ಫೋನನ್ನು ಕೋಟಿನ ಒಳಜೇಬಿನಲ್ಲೇ ಇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಈ ಹಬ್ಬದ ದೊರೆ ಬೊನೊಮ್. ಬಿಳೀ ಹಿಮದ ಮನುಷ್ಯನ ವೇಷ, ತಲೆಗೆ ಕೆಂಪು ಟೋಪಿ, ಸೊಂಟಕ್ಕೆ ಬಾಣದ ವಿನ್ಯಾಸದ ನೇಯ್ದ ಪಟ್ಟಿ. 1894ರಲ್ಲೇ ಇಲ್ಲಿ ದೊಡ್ಡ ಕಾರ್ನಿವಲ್ ನಡೆದಿತ್ತು. ಈಗಿನ ರೂಪದಲ್ಲಿ ಶುರುವಾಗಿದ್ದು 1955ರಲ್ಲಿ, ಬೊನೊಮ್ ಬಂದಿದ್ದೂ ಆಗಲೇ. ಅವನಿಗಾಗಿ ಮಂಜುಗಡ್ಡೆಯ ಅರಮನೆ ಕಟ್ಟುತ್ತಾರೆ. ಒಳಗೆ ಬರೋಕೆ ಟಿಕೆಟ್ ಥರ ಅವನದೇ ಚಿಕ್ಕ ಬೊಂಬೆಯನ್ನು ಕೋಟಿಗೆ ಸಿಕ್ಕಿಸಿಕೊಳ್ಳಬೇಕು. ನನ್ನ ಮಗಳು ಅದನ್ನು ರಾತ್ರಿ ಮಲಗುವಾಗಲೂ ಬಿಚ್ಚಲಿಲ್ಲ.

ಶಾತೋ ಫ್ರೊಂತ್ನಾಕ್ ಹೋಟೆಲಿನ ಪಕ್ಕ, ನದಿಯ ಮೇಲಿನ ಉದ್ದನೆಯ ಜಗಲಿಯಲ್ಲಿ, 1884ರಿಂದ ಇರುವ ಜಾರುಬಂಡೆ ಇದೆ. ಚಕ್ರವಿಲ್ಲದ ಮರದ ಜಾರುಗಾಡಿಯಲ್ಲಿ ಕೂತರೆ ಗಂಟೆಗೆ 70 ಕಿ.ಮೀ. ತನಕ ವೇಗ ಬರುತ್ತದೆ. ಸರತಿ ಉದ್ದವಿತ್ತು, ಮಕ್ಕಳು ಇನ್ನೊಮ್ಮೆ ಅಂದರು, ನಿಂತೆವು. ಅಲ್ಲಿಂದ ಕೆಳಗಿನ ಪೇಟೆಗೆ ಕಡಿದಾದ ಮೆಟ್ಟಿಲು. ಅಮ್ಮನ ಮಂಡಿಗೆ ಅದು ಆಗದು, ಮಂಜು ಕಟ್ಟಿದಾಗ ಯಾರಿಗೂ ಒಳ್ಳೆಯದಲ್ಲ. 1879ರಿಂದ ಓಡುತ್ತಿರುವ ಫ್ಯುನಿಕ್ಯುಲರ್‌ನಲ್ಲಿ, ಅಂದರೆ ಕಡಿದಾದ ಹಳಿಯ ಮೇಲೆ ಹಗ್ಗ ಎಳೆಯುವ ಬಂಡಿಯಲ್ಲಿ, ಇಳಿದೆವು. ಕೆಳಗೆ ಪ್ಲಾಸ್ ರಾಯಲ್. 1608ರಲ್ಲಿ ಫ್ರೆಂಚ್ ಅನ್ವೇಷಕ ಶಾಂಪ್ಲೇನ್ ಮನೆ ಕಟ್ಟಿ ಈ ಊರಿಗೆ ಅಡಿಪಾಯ ಹಾಕಿದ ಜಾಗ. ಕಲ್ಲಿನ ಮನೆಗಳ ಕಿಟಕಿಗಳ ಮೇಲೆ ಹಿಮ ಕೂತಿರುತ್ತದೆ, ಬೀದಿ ತೀರಾ ಕಿರಿದು. ನನಗೆ ಇಡೀ ಊರಿನಲ್ಲಿ ಅತಿ ಇಷ್ಟವಾದ ಮೂಲೆ ಅದು.

ತಿನ್ನೋದಕ್ಕೆ ಮಕ್ಕಳ ಆಯ್ಕೆ ಮೇಪಲ್ ಟಾಫಿ. ಮೇಪಲ್ ಮರದ ರಸದಿಂದ ಮಾಡಿದ ಕುದಿಯುವ ಪಾಕವನ್ನು ಹಿಮದ ಮೇಲೆ ಗೆರೆಯಾಗಿ ಸುರಿಯುತ್ತಾರೆ, ಗಟ್ಟಿಯಾಗುತ್ತಿದ್ದಂತೆ ಕಡ್ಡಿಗೆ ಸುತ್ತಿ ಕೊಡುತ್ತಾರೆ. ಸಸ್ಯಾಹಾರಿಗಳು ಪುಟೀನ್ ತಿನ್ನುವ ಮುಂಚೆ ಕೇಳಿ. ಆಲೂ, ಚೀಸ್ ಸರಿ, ಮೇಲೆ ಹಾಕುವ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು. ಬಟಾಣಿ ಸೂಪಿಗೂ ಹಂದಿ ಮಾಂಸ ಹಾಕುವ ರೂಢಿ ಇದೆ. ಮಾಂಸವಿಲ್ಲದ ಗ್ರೇವಿ ಕೆಲವು ಕಡೆ ಸಿಗುತ್ತದೆ. ಮಾತು ಫ್ರೆಂಚಿನದು, ಆದರೂ "ಬೊಂಜೂರ್" ಅಂತ ಶುರು ಮಾಡಿದರೆ ನಗುತ್ತಾ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ.

ಒಂದೇ ಒಂದು ನೋಡಿ ಅಂದರೆ ನಾನು ದೋಣಿ ಓಟ ಅನ್ನುತ್ತೇನೆ. ಸೇಂಟ್ ಲಾರೆನ್ಸ್ ನದಿಯಲ್ಲಿ ಮಂಜುಗಡ್ಡೆಯ ಹಲಗೆಗಳು ತೇಲುತ್ತಿರುತ್ತವೆ, ಉಬ್ಬರವಿಳಿತಕ್ಕೆ ಅವು ಸರಿಯುತ್ತಲೇ ಇರುತ್ತವೆ. ನೀರು ಸಿಕ್ಕ ಕಡೆ ಹುಟ್ಟು ಹಾಕುತ್ತಾರೆ. ಮಂಜು ಅಡ್ಡ ಬಂದರೆ ಒಂದು ಕಾಲು ದೋಣಿಯಲ್ಲಿ, ಇನ್ನೊಂದು ಕಾಲಿನಿಂದ ಮಂಜನ್ನು ಒದ್ದು ದೋಣಿಯನ್ನೇ ತಳ್ಳಿಕೊಂಡು ಓಡುತ್ತಾರೆ. ಬೂಟಿನ ಅಡಿಗೆ ಮುಳ್ಳು. ಇದು ಸುಮ್ನೆ ಹುಟ್ಟಿದ ಆಟ ಅಲ್ಲ. 1917ರಲ್ಲಿ ಸೇತುವೆ ಆಗುವ ಮೊದಲು ಚಳಿಗಾಲದಲ್ಲಿ ಆಚೆ ದಡದ ಲೆವಿಗೆ ಜನ, ಅಂಚೆ ಹೀಗೇ ದಾಟಿದ್ದುಂಟು. ಅಮ್ಮ ಇದನ್ನು ಕೇಳಿದ ಮೇಲೆ ಕಣ್ಣು ಕೀಳಲಿಲ್ಲ. "ಕಾಗದ ಕೊಡೋಕೆ ಇಷ್ಟು ಕಷ್ಟ ಪಡ್ತಿದ್ರಾ?" ಅಂತ ಮತ್ತೆ ಮತ್ತೆ ಕೇಳಿದರು. ದಡದಲ್ಲಿ ನಿಂತರೆ ಗಾಳಿಗೆ ಕಣ್ಣು ಬಿಡೋಕಾಗಲ್ಲ. ಬೇಗ ಹೋಗಿ ಜಾಗ ಹಿಡಿಯುವ ಕೆಲಸ ನನ್ನ ಗಂಡನದು, ಉಳಿದವರು ಒಳಗೆ ಕೂತು ಓಟ ಶುರುವಾಗುವಾಗ ಹೊರಗೆ ಬಂದೆವು.

ರಾತ್ರಿ ಮೆರವಣಿಗೆಗೂ ಇದೇ ಲೆಕ್ಕ. ನಿಂತಲ್ಲೇ ನಿಂತರೆ ಚಳಿ ಜಾಸ್ತಿ, ಕಾಲು ಮೊದಲು ಮರಗಟ್ಟುತ್ತದೆ. ಅಮ್ಮನಿಗೆ ಮಡಚುವ ಕುರ್ಚಿ, ಕಾಲ ಕೆಳಗೆ ದಪ್ಪ ರಟ್ಟು, ಮಡಿಲಿಗೆ ಕಂಬಳಿ, ಫ್ಲಾಸ್ಕಿನಲ್ಲಿ ಬಿಸಿ ಚಾಕೊಲೇಟ್ ತಗೊಂಡು ಹೋಗಿದ್ದೆವು. ರಟ್ಟು ಅಕ್ಕಪಕ್ಕದವರ ಹತ್ತಿರವೂ ಇತ್ತು. ಬೊನೊಮ್ ಕೊನೆಯ ಗಾಡಿಯಲ್ಲಿ ಬಂದಾಗ ಮಕ್ಕಳಿಗಿಂತ ಮುಂಚೆ ಎದ್ದು ನಿಂತು ಕೈ ಬೀಸಿದ್ದು ಅಮ್ಮನೇ.