ಪಶ್ಚಿಮ ಘಟ್ಟದ ಕರಡು ಅಧಿಸೂಚನೆಗೆ ಊರಿನಿಂದ ಆಕ್ಷೇಪಣೆ ಬರೆಯುವ ಬಗೆ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಆರು ಬಾರಿ ಹೊರಡಿಸಿದೆ. ಕೇಂದ್ರವೇ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ಆಧರಿಸಿದ ಈ ಕರಡಿನ ಸುಮಾರು 56,825 ಚದರ ಕಿಲೋಮೀಟರಿನಲ್ಲಿ 20,668 ಕರ್ನಾಟಕದ್ದು. ಹಳ್ಳಿಗಳ ಲೆಕ್ಕದಲ್ಲಿ 1,576. ರಾಜ್ಯ ಸಚಿವ ಸಂಪುಟ ಇದನ್ನು 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿದೆ. ಆದರೂ ಪ್ರತಿ ಕರಡಿಗೂ ಆಕ್ಷೇಪಣೆ ಸಲ್ಲಿಸಲು ಜನರಿಗೆ 60 ದಿನಗಳ ಅವಕಾಶವಿರುತ್ತದೆ. ಅದನ್ನು ಘೋಷಣೆಗಳಲ್ಲೇ ಕಳೆಯಬಾರದು.

ಮೊದಲು ಕರಡನ್ನೇ ಓದಬೇಕು. ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಉಂಟುಮಾಡುವ) ಹೊಸ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಯೋಜನೆಗಳು ನಿಷೇಧದ ಪಟ್ಟಿಯಲ್ಲಿವೆ. ಬೇಸಾಯ ಅದರಲ್ಲಿಲ್ಲ, ಈಗಿರುವ ಮನೆಯ ದುರಸ್ತಿ, ವಿಸ್ತರಣೆಗೂ ಅಡ್ಡಿಯಿಲ್ಲ. ‘ಒಕ್ಕಲೆಬ್ಬಿಸುತ್ತಾರೆ’ ಎಂದು ಬರೆದ ಅರ್ಜಿಗೆ ‘ಹಾಗೆಂದು ಕರಡಿನಲ್ಲಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಸಾಕಾಗುತ್ತದೆ, ಅಲ್ಲಿಗೆ ಊರಿನ ನಿಜವಾದ ತಕರಾರೂ ಮುಚ್ಚಿಹೋಗುತ್ತದೆ.

ನಿಜವಾದ ತಕರಾರು ಇರುವುದು ಗಡಿಯಲ್ಲಿ. ಸಮಿತಿಯು ಉಪಗ್ರಹ ಚಿತ್ರಗಳ ಆಧಾರದಲ್ಲಿ ಸಹಜ ಭೂದೃಶ್ಯವನ್ನೂ ಜನವಸತಿ ಮತ್ತು ಕೃಷಿಯ ಭೂದೃಶ್ಯವನ್ನೂ ಬೇರ್ಪಡಿಸಿ, ಒಂದು ಹಳ್ಳಿಯ ಶೇ. 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಹಳ್ಳಿಯನ್ನೇ ಸೇರಿಸಿತು. ನೆರಳಿನ ಮರಗಳ ಕೆಳಗಿನ ಕಾಫಿ ತೋಟವಾಗಲಿ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವಾಗಲಿ ಮೇಲಿನಿಂದ ಕಾಡಿನಂತೆ ಹಸಿರಾಗಿಯೇ ಕಾಣುತ್ತದೆ. ಆದ್ದರಿಂದ ಗ್ರಾಮ ನಕಾಶೆಯ ಪ್ರತಿಯನ್ನು ತರಿಸಿ ಜಗಲಿಯ ಮೇಲೆ ಹರಡಿ, ಪಹಣಿಯನ್ನು ಪಕ್ಕದಲ್ಲಿಟ್ಟುಕೊಂಡು, ಗದ್ದೆ, ತೋಟ, ಗೋಮಾಳ, ಬೆಟ್ಟ, ಕಾನು (ದಟ್ಟ ನಿತ್ಯಹರಿದ್ವರ್ಣ ಕಾಡು) ಎಂದು ಸರ್ವೆ ನಂಬರಿನ ಪ್ರಕಾರ ಬಣ್ಣ ಹಚ್ಚಿ. ಅನುಮಾನವಿದ್ದ ಕಡೆ, ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವ ‘ದಿಶಾಂಕ್’ ಆ್ಯಪ್ ತೆರೆದು ಆ ಜಾಗದಲ್ಲೇ ನಿಂತು ನೋಡಿ. ನಾನು ಕುಳಿತಿದ್ದ ಒಂದು ಊರಿನಲ್ಲಿ ಈ ಕೆಲಸಕ್ಕೆ ಎರಡು ಸಂಜೆ ಹಿಡಿಯಿತು. ನೀರಿನ ಒರತೆಗಳನ್ನು ಬೆರಳಿಟ್ಟು ತೋರಿಸಿದವರು ಆವರೆಗೆ ಯಾವ ಸಭೆಯಲ್ಲೂ ಮಾತಾಡದ ಅಜ್ಜಿಯೊಬ್ಬರು. ಆ ಒರತೆಗಳಿರುವ ಕಾನನ್ನು ಸೂಕ್ಷ್ಮ ಪ್ರದೇಶದಲ್ಲೇ ಉಳಿಸಿ ಎಂದೂ ಅರ್ಜಿಯಲ್ಲಿ ಬರೆಯಿರಿ. ‘ಪೂರ್ತಿ ಬೇಡ’ ಎನ್ನುವುದಕ್ಕಿಂತ ‘ಇದು ಬೇಕು, ಇದು ಬೇಡ’ ಎನ್ನುವ ಅರ್ಜಿ ಗಟ್ಟಿಯೆಂಬುದು ನನ್ನ ದೃಢವಾದ ನಂಬಿಕೆ, ಏಕೆಂದರೆ ಕಾನು ಹೋದರೆ ತೋಟಕ್ಕೆ ನೀರಿಲ್ಲವೆಂಬುದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮ), ಡೀಮ್ಡ್ ಅರಣ್ಯ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ) ಮತ್ತು 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ಇದರೊಂದಿಗೆ ಬೆರೆಸಬೇಡಿ. ಅವುಗಳ ಕಾನೂನು ಬೇರೆ, ತೀರ್ಮಾನಿಸುವವರೂ ಬೇರೆ.

ನಕಾಶೆ ಸಿದ್ಧವಾದ ಮೇಲೆ ಗ್ರಾಮಸಭೆ ಕರೆಯುವಂತೆ ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಲಿಖಿತ ಮನವಿ ಕೊಡಿ. ನಿರ್ಣಯದಲ್ಲಿ ಸರ್ವೆ ನಂಬರುಗಳೂ ಕಾರಣಗಳೂ ಇರಲಿ. ವಿರೋಧಿಸಿದವರ ಮಾತನ್ನೂ ನಡಾವಳಿಯಲ್ಲಿ ದಾಖಲಿಸಿ. ದೃಢೀಕೃತ ಪ್ರತಿ ಮತ್ತು ನಕಾಶೆಯನ್ನು ಅಧಿಸೂಚನೆಯಲ್ಲಿ ಕೊಟ್ಟಿರುವ ಅಂಚೆ ಹಾಗೂ ಇ-ಮೇಲ್ ವಿಳಾಸಗಳೆರಡಕ್ಕೂ ಕಳುಹಿಸಿ, ಸ್ವೀಕೃತಿಯನ್ನು ಪಂಚಾಯಿತಿಯ ಕಡತದಲ್ಲಿಡಿ. ಮತ್ತೊಂದು ಕರಡು ಬಂದಾಗ ಕೆಲಸ ಆ ಕಡತದಿಂದಲೇ ಶುರುವಾಗಬೇಕು.