ಎರೆಮಣ್ಣಿನ ಹಿತ್ತಲಲ್ಲಿ ಜೇಕು ತೆಗೆದ ಬಗೆ: ನನ್ನ ಅನುಭವ

ವಿಜಯಪುರದ ಕಡೆ ಎರೆಮಣ್ಣಿನ ಹಿತ್ತಲುಗಳಿಗೆ ಮೂರು ಕಸಗಳ ಕಾಟ: ಕಾಂಗ್ರೆಸ್ ಕಸ, ಕರಕಿ (ಗರಿಕೆ ಹುಲ್ಲು), ಜೇಕು (ಕೊನ್ನಾರಿ, ತುಂಗೆ ಹುಲ್ಲು). ಕಾಂಗ್ರೆಸ್ ಕಸ ಹುಟ್ಟುವುದು ಬೀಜದಿಂದ ಮಾತ್ರ. ಮಳೆಯಾಗಿ ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲು, ಕೈಗವಸು ಹಾಕಿಕೊಂಡು ಬೇರುಸಮೇತ ಕಿತ್ತರೆ ಆಯಿತು. ಬಿಳಿ ಹೂ ಕಂಡ ಮೇಲೆ ಕಿತ್ತರೆ ತಡವಾದಂತೆಯೇ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ.

ನಿಜವಾದ ಹಟಮಾರಿ ಜೇಕು. ದಂಟನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ತಾಗುತ್ತದೆ, ಗುರುತು ಹಿಡಿಯಲು ಅಷ್ಟು ಸಾಕು. ನೆಲದೊಳಗೆ ಕಪ್ಪು ಗಡ್ಡೆಗಳು ದಾರದಂಥ ಬೇರಿಗೆ ಜಪಮಣಿಯ ಹಾಗೆ ಪೋಣಿಸಿಕೊಂಡಿರುತ್ತವೆ. ತುದಿಯ ಗಡ್ಡೆ ಚಿಗುರಿರುವ ತನಕ ಹಿಂದಿನವು ಮಲಗಿರುತ್ತವೆ. ಕುರ್ಪಿಯಿಂದ ಮೇಲೆ ಮೇಲೆ ಕೆತ್ತಿದರೆ ಸರ ಹರಿದು, ಮಲಗಿದ್ದವೂ ಏಳುತ್ತವೆ. ಕಿತ್ತಷ್ಟೂ ಹೆಚ್ಚಾಯಿತು ಅನ್ನುವವರ ಮಾತು ಸುಳ್ಳಲ್ಲ. ಇದೇ ಕಾರಣಕ್ಕೆ ಮಡಿಗೆ ರೋಟಾವೇಟರ್ ಹೊಡೆಸಲೇಬಾರದು. ಒಂದು ಮೂಲೆಯ ಜೇಕು ಇಡೀ ಹಿತ್ತಲಿಗೆ ಹಬ್ಬುತ್ತದೆ.

ಜೇಕಿಗೆ ನೆರಳು ಆಗದು, ಅದರ ಗಡ್ಡೆಗೆ ಒಣಗುವುದು ಆಗದು. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೇನೂ ಬರವಿಲ್ಲ. ಹಾಗಾಗಿ ಕೆಲಸ ಶುರುಮಾಡುವುದು ಯುಗಾದಿ ಮುಗಿದ ಮೇಲೆ, ಮುಗಿಸುವುದು ರೋಹಿಣಿ ಮಳೆಗೆ ಮೊದಲು. ಒಣ ಎರೆ ಕಲ್ಲಿನಂತಿರುತ್ತದೆ, ಹಸಿ ಎರೆ ಗುದ್ದಲಿಗೆ ಮೆತ್ತುತ್ತದೆ. ಮಡಿಗೆ ಒಮ್ಮೆ ಚೆನ್ನಾಗಿ ನೀರು ಬಿಟ್ಟು ನಾಲ್ಕೈದು ದಿನ ಕಾದು, ಹದ ಬಂದಾಗ ಒಂದಡಿ ಆಳಕ್ಕೆ ಅಗೆದು ಹೆಂಟೆಗಳನ್ನು ಬುಡಮೇಲು ಮಾಡಿ ಬಿಡಬೇಕು. ಹೆಚ್ಚಿನ ಗಡ್ಡೆಗಳು ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ. ಆದರೆ ಎರೆ ಬಿರುಕು ಬಿಟ್ಟ ಕಡೆ ಕೆಲವು ಇನ್ನೂ ಆಳದಲ್ಲಿ ಸಿಗುತ್ತವೆ.

ಬಹಳ ಜನ ಸೋಲುವುದು ಇಲ್ಲಿ. ಹೆಂಟೆ ಮುಷ್ಟಿಗಿಂತ ದೊಡ್ಡದಿದ್ದರೆ ಹೊರಗೆ ಒಣಗಿದರೂ ಹೊಟ್ಟೆಯೊಳಗೆ ತೇವ ಉಳಿಯುತ್ತದೆ, ಗಡ್ಡೆ ಸಾಯುವುದಿಲ್ಲ. ಐದನೇ ದಿನ ಒಮ್ಮೆ, ಹತ್ತನೇ ದಿನ ಇನ್ನೊಮ್ಮೆ ಹೆಂಟೆಗಳನ್ನು ಒಡೆದು ತಿರುವಿ ಹಾಕಿ. ಹದಿನೈದು ದಿನದ ಮೇಲೆ ಕೈಗೆ ಸಿಕ್ಕ ಗಡ್ಡೆಗಳನ್ನು ಆರಿಸಿ, ಒಂದೆರಡನ್ನು ಚಾಕುವಿನಿಂದ ಸೀಳಿ ನೋಡಿ. ಒಳಗೆ ಬೆಳ್ಳಗಿದ್ದು ಘಮ್ಮೆಂದರೆ ಜೀವ ಇದೆ. ಕಂದಾಗಿ, ಬೆಂಡಾಗಿ ಪುಡಿಯಾದರೆ ಸತ್ತಿದೆ. ಅನುಮಾನವಿದ್ದರೆ ಹತ್ತು ಗಡ್ಡೆಗಳನ್ನು ಕುಂಡದಲ್ಲಿ ಹೂತು ಹದಿನೈದು ದಿನ ನೀರು ಹಾಕಿ. ಒಂದು ಚಿಗುರಿದರೂ ಒಣಗಿಸಿದ್ದು ಸಾಲದು.

ಆಮೇಲೆ ಮತ್ತೆ ನೀರು ಬಿಟ್ಟು ಉಳಿದವು ಮೊಳೆಯಲು ಬಿಡಿ. ನಾಲ್ಕೈದು ಎಲೆ ಬಿಡುವಷ್ಟರಲ್ಲಿ, ಹೊಸ ಗಡ್ಡೆ ಕಟ್ಟುವ ಮೊದಲು, ಎರಡನೇ ಸಲ ಅಗೆಯಿರಿ. ಆರಿಸಿದ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲಿನ ಬಿಸಿ ಸಾಲದು. ಮಾಳಿಗೆಯ ಮೇಲೆ ಎರಡು ವಾರ ಬಿಸಿಲಿಗೆ ಕಾಯಿಸಿ ಸುಟ್ಟುಬಿಡಿ.

ಮಳೆ ಬಿದ್ದೊಡನೆ ಹಸಿರು ಗೊಬ್ಬರದ ಸೆಣಬಿನ ಬೀಜ ಚೆಲ್ಲುತ್ತೇನೆ: 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ 100 ಗ್ರಾಂ, ಒತ್ತಾಗಿ. ನೆರಳು ಮುಚ್ಚುವ ತನಕ ಹದಿನೈದು ದಿನಕ್ಕೊಮ್ಮೆ ನಡುವಿನ ಜೇಕು ಕೀಳಬೇಕು. ಒಂದು ಸರದಿ ತಪ್ಪಿದರೂ ಅದು ಮತ್ತೆ ಗಡ್ಡೆ ತುಂಬಿಕೊಳ್ಳುತ್ತದೆ. ಹೂ ಬರುವ ಹೊತ್ತಿಗೆ ಸೆಣಬನ್ನು ಕೊಯ್ದು ಅಲ್ಲೇ ಹಾಸಿ. ನನ್ನ ಮಡಿ ಒಂದು ವರ್ಷಕ್ಕೆ ಹಸನಾಗಲಿಲ್ಲ, ಎರಡು ಬೇಸಿಗೆ ಹಿಡಿಯಿತು.

ಕಬ್ಬಿನ ರವದಿ (ಒಣಗಿದ ಎಲೆ) ಅರ್ಧ ಅಡಿ ಹಾಸಿದರೆ ಬೀಜದ ಕಸ ನಿಲ್ಲುತ್ತದೆ, ಜೇಕು ನಿಲ್ಲುವುದಿಲ್ಲ. ಕರಿ ಪ್ಲಾಸ್ಟಿಕ್ ಹಾಳೆಯನ್ನೂ ಅದರ ಮೊಳಕೆ ಸೂಜಿಯಂತೆ ಚುಚ್ಚಿಕೊಂಡು ಬರುತ್ತದೆ. ಇನ್ನು ಉಪ್ಪುನೀರು ಸುರಿಯುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಎರೆ ಮೊದಲೇ ಬಿಗಿ, ಉಪ್ಪು ಸೇರಿದರೆ ಸವಳಾಗಿ ಏನೂ ಬೆಳೆಯದು. ಕಬ್ಬಿನ ಹೊಲದಲ್ಲಿ ಜೇಕಿಗೆ ಹ್ಯಾಲೋಸಲ್ಫ್ಯೂರಾನ್ ಎಂಬ ಕಳೆನಾಶಕ ಹೊಡೆಯುತ್ತಾರೆ, ಸರಿ. ಆದರೆ ಒಂದೇ ಮಡಿಯಲ್ಲಿ ಹತ್ತು ಬಗೆಯ ಕಾಯಿಪಲ್ಲೆ ಇರುವಾಗ ಯಾವುದು ತಡೆಯುತ್ತದೆ, ಯಾವುದು ಸುಡುತ್ತದೆ ಎಂದು ಅಳೆಯಲಾಗದು.

ಕರಕಿಗೂ ಇದೇ ಅಗೆತ. ಒಂದು ಗೆಣ್ಣು ಉಳಿದರೂ ಮತ್ತೆ ಬೇರು ಬಿಡುವುದರಿಂದ ತುಂಡುಮಾಡದೆ ಉದ್ದಕ್ಕೆ ಎಳೆಯಬೇಕು. ಬೇಲಿಯಾಚೆಯಿಂದ ನುಗ್ಗುವುದನ್ನು ತಡೆಯಲು ಶಹಾಬಾದ್ ಪರಸಿಯ (ಹಾಸುಗಲ್ಲಿನ) ತುಂಡುಗಳನ್ನು ಮುಕ್ಕಾಲು ಅಡಿ ಹೂತು ಸಾಲಾಗಿ ನಿಲ್ಲಿಸಿ. ಮೇಲೆ ಎರಡು ಇಂಚು ಕಾಣುತ್ತಿರಲಿ, ಹಾರಿ ಬಂದ ಬಳ್ಳಿ ಕಣ್ಣಿಗೆ ಬೀಳುತ್ತದೆ.

ಹಸನಾದ ಮಡಿಗೆ ಜೇಕು ಮತ್ತೆ ಬರುವುದು ಹೆಚ್ಚಾಗಿ ನರ್ಸರಿಯ ಸಸಿಯ ಜೊತೆ, ಇಲ್ಲವೆ ಹೊರಗಿಂದ ತರಿಸಿದ ಮಣ್ಣಿನಲ್ಲಿ. ಕರಿಬೇವಿನ ಸಸಿಯ ಚೀಲದಲ್ಲಿ ಒಂದು ಮುಮ್ಮೂಲೆ ದಂಟು ಕಂಡರೂ ಬೇರೆ ಸಸಿ ಆರಿಸಿಕೊಳ್ಳಿ. ತಂದ ಸಸಿಯನ್ನು ಎರಡು ವಾರ ಚೀಲದಲ್ಲೇ ನೀರು ಹಾಕಿ ಇಟ್ಟು, ಏನೂ ಮೊಳೆಯದಿದ್ದರೆ ನೆಲಕ್ಕೆ ಹಚ್ಚಿ.